ಜ್ವರಕ್ಕೆ ಕೂತವರು

"ಮೈಗಳ್ಳ ಮುಂಡೆ! ಲೋಕದಾಗೆ ನೀನೊಬ್ಳೇ ಏನೇ ಹೆತ್ತಿರೋದು?"

ನಮ್ಮ ಯಜಮಾನ ಕೋನಪ್ಪ ಬಾಗಿಲ ಹೊರಗೆ ನಿಂತು ಬೈದದ್ದು ಪಿಸುಮಾತಿನಲ್ಲಿ. ನಮ್ಮ ಕೋಣೆಯ ಗೋಡೆಗೆ ಅಂಟಿಕೊಂಡೇ ಅವನ ರೇಷ್ಮೆ ಹುಳುಮನೆ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಅವು ಮೇವು ಬಿಟ್ಟು, ತಲೆಯೆತ್ತಿ ಒಂದು ದಿನ ಸುಮ್ಮನೆ ಕೂರುತ್ತವೆ; ಅದಕ್ಕೇ ನಮ್ಮ ಕಡೆ ಜ್ವರ ಅನ್ನುವುದು. ಆಗ ಅಲುಗಿಸಬಾರದು. ಕೋನಪ್ಪನ ಪ್ರಕಾರ ಕೆಮ್ಮಲೂಬಾರದು. ಹಾಗಾಗಿ ಆ ಪುಣ್ಯಾತ್ಮ ನನ್ನ ಸೊಸೆಯ ವಂಶವನ್ನೆಲ್ಲ ಗುಟ್ಟು ಹೇಳುವವನಂತೆ ಬೈಯುತ್ತಿದ್ದ. ನಗು ತಡೆಯಲಾಗದೆ ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಸೊಸೆ ಗಂಗರತ್ನ ಗೋಡೆ ಕಡೆ ತಿರುಗಿ ಮಲಗಿದ್ದಳು. ಹೆತ್ತು ಒಂದೂವರೆ ತಿಂಗಳು. ಊಟ ಇಲ್ಲ, ನಿದ್ದೆ ಇಲ್ಲ, ಮಗು ಅತ್ತರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಮೊನ್ನೆ ನೀರಿನ ಸಂಪಿನ ಮುಚ್ಚಳ ತೆಗೆದು ಒಳಗೆ ನೋಡುತ್ತ ನಿಂತಿದ್ದಳು. "ಅತ್ತೆ, ಪಾಪುನ ನೀನೇ ಸಾಕ್ಕೋ" ಅಂದಳು. ಅಂದಿನಿಂದ ನನ್ನ ಸೆರಗನ್ನು ಅವಳ ಸೆರಗಿಗೆ ಗಂಟು ಹಾಕಿಕೊಂಡೇ ನಾನು ಮಲಗುವುದು. ನನಗೆ ಹೆದರಿಕೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಬೆಳಿಗ್ಗೆ ಆಶಾ ಕಾರ್ಯಕರ್ತೆ ಹಫೀಜಾ ಬಂದು ನೋಡಿದ್ದಳು. "ಆಂಜಿನಮ್ಮ, ಇದು ಕಾಯಿಲೆ ಕಣಮ್ಮ. ಬಾಣಂತೀರಿಗೆ ಬರುತ್ತೆ, ವಾಸಿನೂ ಆಗುತ್ತೆ. ಇವತ್ತೇ ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ."

ಮಗ ಲಾರಿ ಮೇಲೆ ಹೋಗಿ ವಾರ. ಬಸ್ಸು ಹತ್ತಿಸಲು ಧೈರ್ಯವಿಲ್ಲ, ಬಾಗಿಲಿಂದ ಹಾರಿದರೆ? ಊರಲ್ಲಿ ಕಾರಿರುವುದು ಕೋನಪ್ಪನಿಗೆ. ಕರೆದುಕೊಂಡು ಹೋಗಿ ಅಂತ ಕೇಳಿದ್ದೆ. ಅದಕ್ಕೇ ಈ ಬೈಗುಳ.

"ಮಧ್ಯಾಹ್ನ ಹುಳ ಜ್ವರ ಬಿಟ್ಟು ಏಳ್ತವೆ. ಸೊಪ್ಪು ನಿಮ್ಮಪ್ಪ ಕುಯ್ತಾನಾ? ಇವ್ಳಿಗೆ ಗಾಳಿ ಮೆಟ್ಕೊಂಡೈತೆ. ಬೇವಿನ ಬರ್ಲಲ್ಲಿ ನಾಲ್ಕು ಬಿಡು, ಎದ್ದು ಕೂತ್ಕತಾಳೆ."

ಗಾಳಿ ಅನ್ನುವ ಆ ಮಾತೇ ನನಗೆ ಸಾಕಾಯಿತು.

"ಊ ಸ್ವಾಮಿ, ಗಾಳಿನೇ. ಈಗಷ್ಟೇ ಮಾತಾಡ್ತು. ನಿಮ್ ಹುಳುಮನೆ ಒಳಗೆ ಒಂದು ಸುತ್ತು ಬರ್ಬೇಕಂತೆ."

ನಾವು ಹಿಪ್ಪುನೇರಳೆ ಸೊಪ್ಪು ಕುಯ್ದು ಹುಳುಮನೆ ಹೊಸ್ತಿಲ ಹೊರಗೇ ಇಡುವ ಜನ. ಒಳಗೆ ಕಾಲಿಟ್ಟವರಲ್ಲ. ನಮ್ಮ ನೆರಳು ಬಿದ್ದರೂ ತಲೆಗೆ ನೀರು ಹಾಕಿಕೊಳ್ಳುವ ಮನುಷ್ಯ ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ನನ್ ಹುಳದ ಸುದ್ದಿ ಅದಕ್ಯಾಕೆ?"

"ಇಲ್ದಿದ್ರೆ ದೊಡ್ಡಾಸ್ಪತ್ರೆ ಬಾಗಿಲಲ್ಲಿ ಬಿಟ್ಟೋಗ್ತೀನಿ ಅಂತು. ಕಾರಲ್ಲೇ ಹೋಗ್ಬೇಕಂತೆ. ಏಸಿ ಹಾಕ್ಬೇಕಂತೆ."

ಹತ್ತು ನಿಮಿಷಕ್ಕೆ ಕಾರು ಬಂತು. ಹಿಂದಿನ ಸೀಟಿಗೆ ಗೊಬ್ಬರದ ಚೀಲ ಹಾಸಿದ್ದ, ನಮ್ಮ ಮೈಲಿಗೆ ತಾಗದಿರಲಿ ಅಂತ. ಏಸಿಯನ್ನಂತೂ ಮರೆಯದೆ ಹಾಕಿದ್ದ.

ಅರ್ಧ ದಾರಿಗೆ ಗಂಗರತ್ನ ಬಾಯಿ ಬಿಟ್ಟಳು. ಎರಡು ದಿನದಲ್ಲಿ ಅದೇ ಮೊದಲು.

"ಗಾಳಿ ಅಲ್ಲ ಯಜಮಾನ್ರೇ. ನಂಗೆ ಹುಷಾರಿಲ್ಲ. ಬದುಕ್ಬೇಕು ಅನ್ಸಲ್ಲ. ಅದಕ್ಕೇ ಭಯ ಆಗ್ತೈತೆ."

ಅಯ್ಯೋ ನನ್ನ ತಾಯೀ, ಇನ್ನು ಅರ್ಧ ಗಂಟೆ ಗಾಳಿಯಾಗಿ ಇರಬಾರದಿತ್ತೇ!

ಕಾರು ಗಕ್ಕನೆ ನಿಂತಿತು. ಹತ್ತಿರದಲ್ಲಿ ಹುಳುಗಳಿರಲಿಲ್ಲವಲ್ಲ, ಕೋನಪ್ಪ ಗಂಟಲು ಹರಿಯುವಂತೆ ಕೂಗಿದ. "ನನ್ನೇ ಮಂಗ ಮಾಡ್ತೀರೇನ್ರೇ, ಮುಂಡೇರಾ! ಇಳೀರಿ ಕೆಳಗೆ!"

ನಾನು ಇಳಿಯಲು ಮಗುವನ್ನು ಎತ್ತಿಕೊಂಡೆ. ಗಂಗರತ್ನ ಮಾತ್ರ ಎರಡೂ ಕಾಲು ಮೇಲೆ ಎಳೆದುಕೊಂಡು, ಗೊಬ್ಬರದ ಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ, ತಲೆ ನೆಟ್ಟಗೆ ಮಾಡಿ ಕೂತಳು.

"ಜ್ವರಕ್ಕೆ ಕೂತಿದೀನಿ. ಅಲುಗಿಸ್ಬೇಡಿ."

ನಾನೂ ಮಗುವನ್ನು ತೊಡೆ ಮೇಲಿಟ್ಟುಕೊಂಡು ಅವಳ ಪಕ್ಕ ಹಾಗೇ ಕೂತೆ. ಹಿಂದೆ ಲಾರಿಯೊಂದು ಹಾರನ್ ಹೊಡೆಯತೊಡಗಿತು. ಕೋನಪ್ಪನ ಫೋನೂ ಬಡಿದುಕೊಂಡಿತು. ಅವನ ಹೆಂಡತಿ. "ಹುಳ ಎದ್ದವೆ, ಸೊಪ್ಪೆಲ್ರೀ?" ಎಂದು ಅರಚಿದ್ದು ನಮಗೂ ಕೇಳಿಸಿತು.

ಅವನು ಇಳಿದು ಬಂದು ಹಿಂದಿನ ಬಾಗಿಲು ತೆರೆದ. ನಮ್ಮನ್ನು ಎಳೆಯಲು ಕೈ ಚಾಚಿದ. ಎಳೆಯಬೇಕಾದರೆ ಮುಟ್ಟಬೇಕಲ್ಲ. ಬಂದ ಕೈ ಅರ್ಧಕ್ಕೇ ನಿಂತಿತು.

ಗಂಗರತ್ನ ಆ ಕೈಯನ್ನೇ ನೋಡುತ್ತ ಅಂದಳು: "ಬಾಗ್ಲು ಹಾಕಿ. ಪಾಪುಗೆ ಬಿಸ್ಲು ಬೀಳ್ತೈತೆ."