ಸಂಗಮ್ಮಕ್ಕ ಲಿಂಬೆಕಾಯಿ ಒಗೆದದ್ದು

ನನ್ನ ಗಂಡ ವೀರೇಶ ಪಂಚಮಿಯ ಲಿಂಬೆಹಣ್ಣಿನ ಪಂದ್ಯವನ್ನು ಆರು ವರ್ಷದಿಂದ ಗೆಲ್ಲುತ್ತಾ ಬಂದವನು. ಅದರ ಸೊಕ್ಕು ಎಷ್ಟೆಂದರೆ, ಶ್ರಾವಣ ಹಿಡಿದ ಕೂಡಲೇ ಬಲಗೈಗೆ ದಿನಾ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ. ತಿಕ್ಕುವವಳು ನಾನೇ.

ಪಂದ್ಯ ಬಹಳ ಸರಳ. ಊರಿನ ಕಟ್ಟೆಯಿಂದ ಹಳ್ಳದ ಸೇತುವೆಯವರೆಗೆ ಲಿಂಬೆಹಣ್ಣು ಒಗೆಯುತ್ತಾ ಹೋಗಬೇಕು. ಹಣ್ಣು ನಿಂತಲ್ಲಿಂದಲೇ ಮತ್ತೆ ಒಗೆಯಬೇಕು. ಕಡಿಮೆ ಸಲ ಒಗೆದು ಸೇತುವೆ ಮುಟ್ಟಿಸಿದವರು ಗೆದ್ದಂತೆ. ನಮ್ಮ ಮನೆಯಲ್ಲಿ ಗೆದ್ದವರು ಹೇಳಿದ ಕಡೆಗೆ ಭಾನುವಾರ ಮನೆಮಂದಿಯೆಲ್ಲ ತಿರುಗಾಡಲು ಹೋಗಬೇಕೆಂಬುದು ನಮ್ಮ ಮನೆಯ ಕರಾರು. ಹೀಗಾಗಿ ಆರು ವರ್ಷವೂ ಸಿಂಧನೂರಿಗೇ ಹೋದೆವು. ಮಿರ್ಚಿ ಭಜಿ, ಒಂದು ಸಿನಿಮಾ, ಮತ್ತೆ ಮನೆ. ನನಗೆ ಸಿಂಧನೂರೆಂದರೆ ಬೇಜಾರು ಬಂದುಹೋಗಿತ್ತು.

ನನ್ನದು ಬರೀ ಬೇಜಾರು, ಸಂಗಮ್ಮಕ್ಕನದು ಸಂಕಟ. ಅಕ್ಕ ಎಂದರೆ ನನ್ನ ನೆಗೆಣ್ಣಿ, ವೀರೇಶನ ಅಣ್ಣ ಅಮರಗುಂಡಪ್ಪ ಭಾವನವರ ಹೆಂಡತಿ. ತವರು ಕೃಷ್ಣೆಯ ದಂಡೆಯ ಜಲದುರ್ಗ. ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿನವರು ಬಂದು ಕರೆದೊಯ್ಯಬೇಕು, ಕರೆಯದೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅಕ್ಕನಿಗೆ ಅಣ್ಣತಮ್ಮಂದಿರಿಲ್ಲ. ತಾಯಿ ತೀರಿಹೋಗಿ ಹನ್ನೊಂದು ವರ್ಷವಾಯಿತು, ಆಮೇಲೆ ಯಾರೂ ಬಂದಿಲ್ಲ. ಲಿಂಗಸುಗೂರಿಗೆ ಹೋಗಿ ಬಸ್ಸು ಬದಲಿಸಿದರೆ ಮುಗಿಯಿತು, ಅಷ್ಟೇ ದಾರಿ. ಆದರೂ ಆಕೆ ಹೋಗಲಿಲ್ಲ, ಗಂಡನ ಮುಂದೆ ಬಾಯಿಬಿಟ್ಟು ಕೇಳಲೂ ಇಲ್ಲ. ನನ್ನ ತವರು ಇದೇ ಊರಿನ ಹಿಂದಿನ ಓಣಿ. ಹಬ್ಬದ ದಿನ ನಾನು ಅಲ್ಲಿಗೆ ಹೊರಟಾಗ ಅಕ್ಕ ತಲೆಯೆತ್ತದೆ ಎಳ್ಳು-ಬೆಲ್ಲದ ಉಂಡಿ ಕಟ್ಟುತ್ತಿದ್ದಳು. ಆ ಬಗ್ಗಿದ ತಲೆ ನೋಡಿದರೆ ನನಗೆ ಅಳು ಬರುತ್ತಿತ್ತು.

ಈ ವರ್ಷ ವೀರೇಶ ನಲವತ್ತೊಂದು ಒಗೆತಕ್ಕೆ ಸೇತುವೆ ಮುಟ್ಟಿಸಿದ. ಮೀಸೆ ತಿರುವುತ್ತಾ ವಾಪಸು ಬಂದು ಕಟ್ಟೆಯ ಮೇಲೆ ಕೂತು, "ಇನ್ನ ಯಾರರ ಅದಾರೇನು?" ಎಂದು ಕೇಳಿದ.

ಎಲ್ಲರಿಗೂ ಉಂಡಿ ಹಂಚುತ್ತಿದ್ದ ಅಕ್ಕ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. "ನಾ ಅದೀನಿ" ಎಂದಳು.

ಗಂಡಸರು ನಕ್ಕರು. ಚಹಾದಂಗಡಿಯ ಜಂಗ್ಲಿಸಾಬ್ ಮಾತ್ರ ನಗಲಿಲ್ಲ. ಪ್ರತಿ ವರ್ಷ ಒಗೆತ ಎಣಿಸುವವರು ಅವರೇ. "ಹೆಣ್ಮಕ್ಕಳು ಒಗೀಬಾರ್ದಂತ ಯಾರ ಹೇಳ್ಯಾರ? ಒಗಿಯವ್ವ ನೀ. ಎಣಸಾಕ ನಾ ಅದೀನಿ" ಎಂದರು.

ಅಕ್ಕ ಬಳೆಗಳನ್ನು ಮೇಲಕ್ಕೆ ಸರಿಸಿ, ಕಟ್ಟೆಯ ಮೇಲಿದ್ದ ಲಿಂಬೆಯ ಬುಟ್ಟಿಯಿಂದ ಹಸಿರು ಗಟ್ಟಿ ಕಾಯಿಯೊಂದನ್ನು ಆರಿಸಿಕೊಂಡಳು.

"ವೈನಿ, ಅದು ಉಪ್ಪಿನಕಾಯಿಗೂ ಬರಂಗಿಲ್ಲ" ಎಂದ ನನ್ನ ಗಂಡ.

ಅಕ್ಕ ಒಗೆದಳು. ಗಂಡಸರೆಲ್ಲ ಮುಗಿಲಿಗೆ ಒಗೆಯುತ್ತಾರೆ. ಹಣ್ಣು ಚೆಂದಾಗಿ ಮೇಲೇರಿ, ರಸ್ತೆಯ ಪಕ್ಕದ ಕೆಸರಿಗೆ ಬಿದ್ದು ಅಲ್ಲೇ ಹೂತು ಕೂರುತ್ತದೆ. ಅಕ್ಕ ಇಪ್ಪತ್ತು ವರ್ಷ ಜೋಳದ ಹೊಲದ ಅಟ್ಟಣಿಗೆಯ ಮೇಲೆ ನಿಂತು, ತೆನೆ ಮುರಿಯದ ಹಾಗೆ ಗಿಳಿಗಳಿಗೆ ಮಣ್ಣಿನ ಹೆಂಟೆ ಒಗೆದವಳು. ಆಕೆಯ ಕಾಯಿ ಸೊಂಟದೆತ್ತರಕ್ಕೆ ಹೋಗಿ, ಡಾಂಬರಿಗೆ ಬಡಿದು ಪುಟಿದು, ಮತ್ತೂ ಇಪ್ಪತ್ತು ಹೆಜ್ಜೆ ಉರುಳಿತು. ಗಂಡಸರ ನಗು ನಿಂತಿತು.

ಇಪ್ಪತ್ತು ಒಗೆತಕ್ಕೆ ಅಕ್ಕ ಅರ್ಧಕ್ಕಿಂತ ಮುಂದಿದ್ದಳು. ಸುದ್ದಿ ತಿಳಿದು ಜೋಕಾಲಿ ಬಿಟ್ಟು ಹೆಂಗಸರೆಲ್ಲ ಓಡಿ ಬಂದರು. ಮೂವತ್ತೊಂದನೆಯದು ಮಾತ್ರ ಕಲ್ಲಿಗೆ ಬಡಿದು ಎರಿಹೊಲದ ಕೆಸರಿಗೆ ಬಿತ್ತು. ಅಲ್ಲಿಂದ ರಸ್ತೆಗೆ ತರಲು ಮೂರು ಒಗೆತ ಹಾಳಾದವು. ನನ್ನ ಗಂಡನ ಮುಖಕ್ಕೆ ಕಳೆ ಬಂತು. ಕಟ್ಟಿಕೊಂಡ ಗಂಡನೇ ಆದರೂ ಆಗ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮೂವತ್ತೊಂಬತ್ತು ಮುಗಿದಾಗ ಸೇತುವೆ ಇನ್ನೂ ಎಪ್ಪತ್ತು ಹೆಜ್ಜೆ ದೂರವಿತ್ತು. ಗೆಲ್ಲಬೇಕೆಂದರೆ ಉಳಿದದ್ದು ಒಂದೇ ಒಗೆತ. ಅಕ್ಕ ಗಡಿಬಿಡಿಯಲ್ಲಿ ಕಾಯಿ ಎತ್ತಿಕೊಂಡಳು. ಭಾವ ಗುಂಪಿನಿಂದ ಹೊರಗೆ ಬಂದು, ಎದುರಿಗೆ ಬರುತ್ತಿದ್ದ ಟ್ರ್ಯಾಕ್ಟರಿಗೆ ಕೈಯೆತ್ತಿ ನಿಲ್ಲಿಸಿದರು. "ಅವಸರ ಮಾಡಬ್ಯಾಡ. ಸಾವಕಾಶ ಒಗಿ" ಎಂದರು.

ಅಕ್ಕ ಬಗ್ಗಿ ಒಗೆದಳು. ಕಾಯಿ ಪುಟಿಯಿತು, ಹಳ್ಳದ ಇಳಿಜಾರಿಗೆ ಬಿತ್ತು, ಉರುಳಿತು. ಹತ್ತಿರ ಹೋದಂತೆಲ್ಲ ನಿಧಾನವಾಯಿತು. ಜಂಗ್ಲಿಸಾಬ್ ಅದರ ಹಿಂದೆಯೇ ನಡೆದು ಹೋಗಿ, ಮಂಡಿಗೆ ಕೈಕೊಟ್ಟು ಬಗ್ಗಿ ನೋಡಿದರು. ಕಾಯಿ ಸೇತುವೆಯ ಕಟ್ಟೆಗೆ ತಾಗಿಕೊಂಡು ನಿಂತಿತ್ತು.

"ನಲವತ್ತು" ಎಂದರು.

ಹೆಂಗಸರ ಕೇಕೆಗೆ ಗಿಡದ ಹಕ್ಕಿಗಳೆಲ್ಲ ಎದ್ದವು. ನಾನು ಅಕ್ಕನನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಸೋತರೂ ನನ್ನ ಗಂಡ ಮಾತಿಗೆ ತಪ್ಪುವವನಲ್ಲ. "ಆತು ವೈನಿ. ಐತವಾರ ಎಲ್ಲಿಗಿ ಹೋಗೂಣು?" ಎಂದು ಕೇಳಿದ.

"ಜಲದುರ್ಗಕ್ಕ."

"ಅಲ್ಲಿ ಯಾರದಾರ್ರೀ ಈಗ? ನಿಮಗ ಯಾರು ಕರದಾರ?" ಎಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಅಕ್ಕ ಕೈಯ ಕೆಸರನ್ನು ಸೆರಗಿಗೆ ಒರೆಸಿಕೊಂಡಳು. ತಲೆ ಎತ್ತಿಯೇ ಇತ್ತು.

"ನನಗ ಯಾರೂ ಕರದಿಲ್ಲ. ನಾನ ನಿಮ್ಮನ್ನ ಕರಿಯಾಕತ್ತೀನಿ. ನಮ್ಮೂರಿಗೆ ಬರ್ರಿ."

ಭಾನುವಾರ ಜಲದುರ್ಗದಲ್ಲಿ ಗಾಡಿಯಿಂದ ಮೊದಲು ಇಳಿದವಳು ಅಕ್ಕ. ಮನೆಯ ಹನ್ನೆರಡು ಮಂದಿಯನ್ನೂ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಬರಮಾಡಿಕೊಂಡಳು. ನನ್ನ ಗಂಡ ಚಪ್ಪಲಿ ಬಿಟ್ಟು, ಬೀಗರೂರಿಗೆ ಬಂದವರ ಹಾಗೆ ಆಕೆಗೆ ಕೈಮುಗಿದ.