ಮುಖ ತಿರುಗಿಸಿಕೊಂಡವಳು

ಬೌದ್ಧ ವಿಹಾರದ ಹಿರಿಯ ಮುವನ್ ಅಜ್ಜ ಹೆಣದ ತಲೆಯಡಿಯಿಂದ ಬಟ್ಟೆಯ ಸುರುಳಿಯನ್ನು ಮತ್ತೆ ಎಳೆದು ತೆಗೆದ. ಬಲಕ್ಕೆ ವಾಲಿದ್ದ ಮುಖ ನೆಟ್ಟಗಾಯಿತು.

"ಎಷ್ಟು ಸಲ ಹೇಳ್ಲಿ ಖಮ್? ಸತ್ತೋರ ಮುಖ ನೇರ ಇರ್ಬೇಕು."

"ನಿಮ್ಮ ಯಜಮಾನಿಕೆ ವಿಹಾರದಲ್ಲಿ ಇಟ್ಕೊಳ್ಳಿ ಅಜ್ಜ, ನನ್ನ ಗೆಳತಿ ಕುತ್ತಿಗೆ ಮೇಲೆ ಬೇಡ." ಪಕ್ಕದ ಮನೆಯ ಖಮ್ ಸುರುಳಿಯನ್ನು ಕಿತ್ತುಕೊಂಡಳು.

ಸತ್ತ ಬುವಾಲೈಯ ಕೈಗೆ ಮಲ್ಲಿಗೆ ನೀರು ಹಾಕಿ ಬೀಳ್ಕೊಡಲು ಬಂದವರು ಬಾಗಿಲವರೆಗೂ ನಿಂತಿದ್ದರು. ಚಿಯಾಂಗ್ ಮಾಯ್‌ನಿಂದ ಬೆಳಗಿನ ಬಸ್ಸಿಗೆ ಬಂದ ಮಗಳು ಪಿಂಪಾ ಬಟ್ಟಲು ಹಿಡಿದು ದೂರದಲ್ಲೇ ಉಳಿದಿದ್ದಳು.

*

ಬುವಾಲೈಯ ಕಣ್ಣುಗಳು ಪದೇ ಪದೇ ಕೆಂಪಾಗಿ ಉರಿಯುತ್ತಿದ್ದವು. ಒಳಗಿನ ಉರಿಯೂತ ಎಂದರು ಡಾಕ್ಟರು. ಅದರ ಬೆನ್ನಿಗೇ, ಕಣ್ಣೊಳಗಿನ ನೀರಿನ ಒತ್ತಡ ಏರಿ, ಗ್ಲಾಕೋಮಾ ಬಂತು. ಬಲಗಣ್ಣಿನ ಶಸ್ತ್ರಚಿಕಿತ್ಸೆ ಫಲ ಕೊಡಲಿಲ್ಲ. ಒಳಗಿನ ನೀರು ಹರಿಯಲೆಂದು ಮಾಡಿದ ದಾರಿ ಉರಿಯೂತದಿಂದ ಗಾಯಗಟ್ಟಿ ಮುಚ್ಚಿಹೋಗಿ, ಆ ಕಣ್ಣು ಆರಿತು. ಎಡಗಣ್ಣು ಮುಟ್ಟಿಸುವುದಿಲ್ಲ ಎಂದು ಅವಳು ಹಟ ಹಿಡಿದಳು. ಪಿಂಪಾ ಅತ್ತು, ಜಗಳವಾಡಿ ಒಪ್ಪಿಸಿದಳು.

"ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸೋಕೆ ನೋಡ್ತೀವಿ," ಎಂದ ಡಾಕ್ಟರು ಆ ಕಣ್ಣಿಗೆ ಸಣ್ಣ ಕೊಳವೆ ಕೂರಿಸಿದರು.

ಪಟ್ಟಿ ಬಿಚ್ಚಿದಾಗ ಪಿಂಪಾ ಎದುರಿಗೆ ಕೂತು ಕೇಳಿದಳು, "ಅಮ್ಮಾ, ನಾನು ಕಾಣ್ತೀನಾ?"

ಬುವಾಲೈ ಮುಖ ತಿರುಗಿಸಿಕೊಂಡಳು.

ಆಮೇಲೆ ಪಿಂಪಾ ಬಂದಾಗಲೆಲ್ಲ ಅದೇ. ಅವಳು ಬರುವುದೂ ಕಡಿಮೆಯಾಯಿತು.

*

"ಬಿಡಿ ಚಿಕ್ಕಮ್ಮ," ಎಂದಳು ಪಿಂಪಾ. "ಬದುಕಿರೋವರ್ಗೂ ನನ್ನ ಕಂಡ್ರೆ ಮುಖ ತಿರುಗಿಸ್ಕೊಂಡ್ಲು. ಈಗ್ಲೂ ಹಾಗೇ ಮಲಗಿಸ್ಬೇಕಾ?"

ಖಮ್ ಬೆಪ್ಪಾಗಿ ನೋಡಿದಳು.

"ಅಯ್ಯೋ ಹುಚ್ಚು ಹುಡುಗಿ! ಅವಳಿಗೆ ಉಳಿದಿದ್ದು ಎಡಗಣ್ಣಿನ ಹೊರಮೂಲೇಲಿ ಒಂದು ಸೀಳು ಬೆಳಕು. ಎದುರಿಗಿರೋರನ್ನ ನೋಡ್ಬೇಕಂದ್ರೆ ಮುಖ ಬಲಕ್ಕೆ ತಿರುಗಿಸ್ಲೇಬೇಕಿತ್ತು. ಅವಳ ಅಂಗಡೀಲಿ ಅನ್ನ ಕೊಳ್ಳೋಕೆ ಬಂದೋರನ್ನೆಲ್ಲ ಹಾಗೇ ನೋಡ್ತಿದ್ಲು."

"ನನ್ನ ಮೊಮ್ಮಗಳು ಅಂಗಿ ಗುಂಡಿ ತಪ್ಪಾಗಿ ಹಾಕ್ಕೊಂಡಿದ್ದೂ ಕಂಡಿತ್ತು ಆಯಮ್ಮಂಗೆ," ಎಂದು ಸಾಲಿನಲ್ಲಿದ್ದ ಮೀನಿನವಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ನಾನು ಎರಡು ಕಣ್ಣಿಟ್ಕೊಂಡು ನೋಡಿರ್ಲಿಲ್ಲ."

"ನೀನು ಬಂದು ಹೋದ್ಮೇಲೆ ಸಂಜೆಯೆಲ್ಲ ನಿನ್ನದೇ ಮಾತು," ಎಂದಳು ಖಮ್. "ಪಿಂಪಾ ಸೊರಗಿದ್ದಾಳೆ, ಕಿವಿ ಹತ್ರ ಕೂದಲು ನೆರೆತಿದೆ ಅಂತ."

ಪಿಂಪಾಳ ಕೈ ಕಿವಿಯ ಬಳಿ ಹೋಯಿತು.

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಗೊತ್ತು ಅಂದ್ಕೊಂಡಿದ್ಲು ಕಣೇ. ಆ ಕಣ್ಣು ಉಳಿಸಿದ್ದೇ ನೀನಲ್ವಾ?"

ಮುವನ್ ಅಜ್ಜ ಗಂಟಲು ಸರಿಮಾಡಿಕೊಂಡ. "ಹೊತ್ತಾಯ್ತು. ಮೊದಲು ಮಗಳು ಬರ್ಲಿ."

ಪಿಂಪಾ ಬಟ್ಟಲನ್ನು ಕೆಳಗಿಟ್ಟು, ಖಮ್ ಕೈಯಿಂದ ಸುರುಳಿ ತೆಗೆದುಕೊಂಡು, ಅಮ್ಮನ ತಲೆಯ ಎಡಕ್ಕೆ ಮೆಲ್ಲಗೆ ತೂರಿಸಿದಳು. ಅಜ್ಜ ಈ ಸಲ ತಡೆಯಲಿಲ್ಲ. ಅಮ್ಮನ ಮುಖ ನಿಧಾನವಾಗಿ ಅವಳಿಂದ ಆಚೆಗೆ ತಿರುಗಿತು.

ಪಿಂಪಾ ನೆರೆತ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡು, ಅಮ್ಮ ನೋಡಿ ಮುಗಿಸಲಿ ಎಂಬಂತೆ, ಕದಲದೆ ನಿಂತಳು.