ಬೆಳ್ಳಕ್ಕಿಯ ರೆಕ್ಕೆ

"ಇದು ಒಂಟಿ ಎಲುಬು. ಇಲ್ಲಿಂದ ಜೋಡಿ. ಆಮೇಲೆ ಪುಡಿ ಎಲುಬು, ಬೆರಳು," ಎನ್ನುತ್ತ ರಾಜಪ್ಪ ವನಜಮ್ಮನ ತೋಳಿನ ಮೇಲೆ ಬೆರಳು ಜಾರಿಸುತ್ತಿದ್ದ. "ರೆಕ್ಕೆಯಲ್ಲೂ ಹಿಂಗೇ. ಬೆನ್ನೆಲುಬು ಇರೋವೆಲ್ಲ ದಾಯಾದಿಗಳೇ ಕಣೇ, ಬುಡ ಒಂದೇ."

"ಥೂ, ನಾನು ಹಕ್ಕಿ ದಾಯಾದೀನಾ?" ಅವಳು ನಕ್ಕಳು. ತೋಳನ್ನು ಮಾತ್ರ ಹಿಂದಕ್ಕೆಳೆದುಕೊಳ್ಳಲಿಲ್ಲ.

ನೊಗ ಹೊತ್ತು ಅಂಗಳಕ್ಕೆ ಬಂದ ಗುತ್ಯಪ್ಪ ಅಲ್ಲೇ ನಿಂತ. ಜಗಲಿಯ ತುಂಬ ಬೆಳ್ಳಕ್ಕಿಯ ಎಲುಬು. ಗುಡವಿ ಕೆರೆ ದಂಡೆಯಲ್ಲಿ ಸತ್ತುಬಿದ್ದದ್ದನ್ನು ತಂದು, ಕುದಿಸಿ, ಸೊರಬದ ಹೈಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆಂದು ತಮ್ಮ ರಾಜಪ್ಪ ಜೋಡಿಸಿದ್ದ. ಅಪ್ಪ ಸತ್ತಾಗ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಗುತ್ಯಪ್ಪ ನೇಗಿಲು ಹಿಡಿದದ್ದಕ್ಕೇ ಇವನ ಕೈಗೆ ಪುಸ್ತಕ ಬಂದದ್ದು. ಈಗ ಪುಸ್ತಕ ಹಿಡಿದ ಕೈ ಎಲ್ಲಿಗೆ ಬಂತು ನೋಡು! ಸೋದರಮಾವನ ಮಗಳು ವನಜಮ್ಮ ತೊಟ್ಟಿಲಲ್ಲಿದ್ದಾಗಿನಿಂದ ಗುತ್ಯಪ್ಪನಿಗೆಂದೇ ಮಾತು. ಆದರೆ ಮಾವ ಈಚೆಗೆ, "ಓದೋ ಹುಡುಗನಿಗೇ ಕೊಟ್ರೆ ಹೆಂಗೆ?" ಎಂದು ಅವ್ವನ ಬಳಿ ರಾಗ ಎಳೆಯತೊಡಗಿದ್ದ.

ಮರುದಿನ ಶಾಲೆಗೆ ಎಲುಬಿನ ಬುಟ್ಟಿ ಹೊತ್ತವನೂ ಗುತ್ಯಪ್ಪನೇ. ಮುಂದೆ ಅವರಿಬ್ಬರ ಕಿಸಿಕಿಸಿ ನಗು. ಕೆರೆ ಏರಿಯ ಮೇಲೆ ಅವನ ಹೊಟ್ಟೆಯೊಳಗಿನ ಉರಿ ಕೈಗಿಳಿಯಿತು. ಎರಡೂ ರೆಕ್ಕೆಗಳನ್ನು ಎಳೆದು ನೀರಿಗೆ ಬೀಸಿ ಒಗೆದ.

ಶಾಲೆಯಲ್ಲಿ ರಾಜಪ್ಪ ಬುಟ್ಟಿ ಬೋರಲು ಹಾಕಿ ಹುಡುಕಿದ. ಮೇಷ್ಟರುಗಳು ಪಕ್ಕದ ಮೇಜಿಗೆ ಬಂದಾಗಿತ್ತು.

"ಅಣ್ಣಾ, ರೆಕ್ಕೆ ಎಲ್ಲೋ?"

"ನಂಗೇನು ಗೊತ್ತು? ನಿನ್ನ ದಾಯಾದಿ ಹಾರಿಹೋಗಿರ್ಬೇಕು."

ರಾಜಪ್ಪನ ಕಣ್ಣು ತುಂಬಿತು. ಗುತ್ಯಪ್ಪನಿಗೆ ಹಾಯೆನಿಸಬೇಕಿತ್ತು.

"ದೊಡ್ಡ ಭಾವನ ತೋಳು ಇಲ್ವಾ?" ಎಂದಳು ವನಜಮ್ಮ. "ಅಂಗಿ ತೋಳು ಮೇಲೆತ್ತು ಭಾವ."

"ನಾನೇನು ಸತ್ತ ಹಕ್ಕಿಯೇನೇ?"

"ಎತ್ತು ಅಂದ್ನಲ್ಲ."

ರಾಜಪ್ಪ ಸೀಮೆಸುಣ್ಣ ಎತ್ತಿಕೊಂಡ. ಅದನ್ನು ಅವಳೇ ಕಸಿದುಕೊಂಡಳು. ಬಿಸಿಲಿಗೆ ಕಪ್ಪಾದ ಬಲತೋಳಿನ ಮೇಲೆ ಒಂಟಿ ಗೆರೆ, ಮೊಣಕೈಯಿಂದ ಜೋಡಿ ಗೆರೆ. ಮಣಿಕಟ್ಟಿನ ಪುಡಿ ಎಲುಬಿಗೆ ಚುಕ್ಕಿ ಇಡುವಾಗ ಬಗ್ಗಿ, ಅವನಿಗಷ್ಟೇ ಕೇಳುವಂತೆ ಅಂದಳು: "ಏರಿ ಮೇಲೆ ನಾನು ಹಿಂದೆ ತಿರುಗಿ ನೋಡಿದ್ದೆ."

ಅವನ ತೋಳು ಬಿಗಿಯಿತು. ಅವಳು ಬಿಡಲಿಲ್ಲ, ಬೆರಳುಗಳಿಗೂ ಒಂದೊಂದಾಗಿ ಗೆರೆ ಎಳೆದಳು. ರಾಜಪ್ಪ ಆ ಗೆರೆಗಳನ್ನು ತೋರಿಸುತ್ತ ಮೇಷ್ಟರುಗಳಿಗೆ ಒಪ್ಪಿಸತೊಡಗಿದ.

ಸಂಜೆ ಗುತ್ಯಪ್ಪ ಎತ್ತುಗಳನ್ನು ಅದೇ ಕೆರೆಗಿಳಿಸಿದ. ಎಡಗೈಯೊಂದರಲ್ಲೇ ಅವುಗಳ ಬೆನ್ನು ತಿಕ್ಕುತ್ತ, ಬಲಗೈಯನ್ನು ನೀರು ತಾಗದಂತೆ ಎತ್ತಿ ಹಿಡಿದೇ ಇದ್ದ.